ಹೊಳ್ಯಾಗ ಇಬ್ಬರು ಬೀಗರು, ನಡುವ ನಾನು

ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ವರ್ಷಾ ಹೊಸಾದ ಬರ್ತೈತಿ, ಅದನ್ನ ನೇತ ಹಾಕೂ ಮೊಳಿ ಮಾತ್ರ ಹಳೇದ ಇರ್ತೈತಿ. ನಮ್ಮ ಮಂದೀದೂ ಹಂಗ. ಅದಕ್ಕ ಜನವರಿ ಬಂತಂದ್ರ ನಮ್ಮ ಕಡೆ ಸಂಕಲ್ಪದ ಆಟ ನಡೀತಾನ ಇರ್ತಾವು, ನಾ ನೋಡ್ಕೋತನ ಇರ್ತೇನಿ.

ನಾ ಜಮಖಂಡಿ ಬಸ್ಸಿನ ಕಂಡಕ್ಟರ ಇದ್ದಾಂವ. ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ, ಈ ಹಾದ್ಯಾಗ ನನ್ನ ಸೀಟಿ ಕೇಳದ ದನಾ ಇಲ್ಲ. ಬೀಳಗಿ ರಸ್ತಾದಾಗ ಒಂದ ಎಮ್ಮಿ, ನಾ ಒಂದ ಸೀಟಿ ಹೊಡದ್ರ ನಿಲ್ಲತಿತ್ತು, ಎರಡ ಹೊಡದ್ರ ನಡೀತಿತ್ತು. ನಾ ರಿಟೈರ್ ಆದ ದಿನ ಸ್ಟ್ಯಾಂಡಿಗಿ ಬಂದು ಕಣ್ಣೀರ ಹಾಕಿ ಹೋತು. ಇದನ್ನ ನೀವು ನಂಬಬೇಕು, ಯಾಕಂದ್ರ ಈ ವರ್ಷ ನಾ ಮಾಡಿದ ಸಂಕಲ್ಪಾನ ಒಂದೂ ಸುಳ್ಳ ಹೇಳಂಗಿಲ್ಲ ಅನ್ನೂದು.

೧. ಹಾಗಲಕಾಯಿ ಬಿಟ್ಟಾಂವ

ಜಮಖಂಡಿ ಕೋರ್ಟಿನ ಎದುರಿಗಿನ ಚಾದಂಗಡ್ಯಾಗ ಜನವರಿ ಒಂದಕ್ಕ ಮುಂಜಾನೆದ್ದು ಸಂಕಲ್ಪದ ಸಂತಿ ಕೂಡತೈತಿ. ಒಬ್ಬಾಂವ ಈ ವರ್ಷ ಹಾಗಲಕಾಯಿ ಬಿಟ್ಟೆ ಅಂದ. ಹುಟ್ಟಿದಾಗಿಂದ ಅಂವ ಹಾಗಲಕಾಯಿ ಮುಟ್ಟಿದ್ದ ಯಾರೂ ನೋಡಿಲ್ಲ. ಇನ್ನೊಬ್ಬಾಂವ ದಿನಾ ಐದಕ್ಕ ಏಳತೇನಿ ಅಂದ. ಮಾತಿನಂಗ ಏಳತಾನ ಖರೆ. ಐದಕ್ಕ ಎದ್ದು, ಚಾ ಕುಡದು, ಸುಸ್ತಾತು ಅಂತ ಮತ್ತ ಮಲಗತಾನ. ಮದ್ಲ ಎಂಟಕ್ಕ ಏಳತಿದ್ದಾಂವ ಈಗ ಒಂಬತ್ತಕ್ಕ ಏಳತಾನ.

ಆ ದಿನ ಮೂಲ್ಯಾಗ ಬಾಯಿ ಬಿಡದ ಕುಂತಾವ್ರು ಒಬ್ಬರ, ನಮ್ಮ ವಕೀಲರು. ಅವರ ತ್ರಾಸ ನನಗ ಗೊತ್ತಿತ್ತು. ಅವರ ಮಗಂಗ ರಬಕವಿ ಮಗ್ಗದ ಸಾವಕಾರ್ರ ಮಗಳನ್ನ ತಂದದ್ದು ನಾನ, ಮಧ್ಯಸ್ತಿಕಿ ನಂದ. ಮದುವಿ ಛಲೋ ಆತು. ಆಯೇರಿ ಮಾಡೂವಾಗ ಕೆಟ್ಟತು. ವಕೀಲರು ಜಮಖಂಡಿ ಪ್ಯಾಟ್ಯಾಗ ಭಾರೀ ಸೀರಿ ಒಂದ ಆರಿಸಿ ತಂದು ಬೀಗಿತಿಗಿ ಉಡಿ ತುಂಬಿಸಿದ್ರು. ಸಾವಕಾರ್ರು ಆ ಸೀರಿ ಸೆರಗ ಬಿಚ್ಚಿ ನೋಡಿದ್ರು, ಬೆಳಕಿಗಿ ಹಿಡದ್ರು, ಹಂದರ ತುಂಬ ಕೇಳೂವಂಗ ಅಂದ್ರು, "ಇದು ನಮ್ಮ ಮಗ್ಗದ್ದ ಐತಲ್ಲ. ಎಳಿ ತಪ್ಪೇತಂತ ನಾನ ತಗದ ಒಗದದ್ದು."

ಅವತ್ತ ನಿಂತ ಮಾತು ಇವತ್ತಿಗೂ ನಿಂತೇ ಇತ್ತು. ನಡುವ ಮಗಳು ಒಂದ ಹೆಣ್ಣ ಕೂಸ ಹಡದ್ಲು. ವಕೀಲರು ಅದಕ್ಕ ತಮ್ಮವ್ವನ ಹೆಸರ ಗೌರವ್ವ ಅಂತ ಇಡೂನು ಅಂದ್ರು. ಸಾವಕಾರ್ರು ತಮ್ಮವ್ವನ ಹೆಸರ ನೀಲವ್ವ ಅಂದ್ರು. ಇದನ್ನೂ ಒಬ್ಬರಿಗೊಬ್ಬರು ಅನ್ನಲಿಲ್ಲ, ಇಬ್ಬರೂ ನನಗ ಅಂದ್ರು. ಕಡೀಕ ಆ ಬಾಣಂತಿ ಹುಡಗಿ ತವರಮನ್ಯಾಗ ಕುಂತಕೊಂಡ ಹೊಸ ವರ್ಷದ ಹುಕುಮ ಹೊಂಡಿಸಿದ್ಲು. ಇಬ್ಬರೂ ಅಜ್ಜಂದಿರು ಎದರಾ ಎದರ ಮಾತಾಡೂ ಮಟಾ ಕೂಸಿನ್ನ ತೊಟ್ಟಲಕ್ಕ ಹಾಕಂಗಿಲ್ಲ, ಹೆಸರೂ ಇಡಂಗಿಲ್ಲ.

ಹಿಂಗಾಗಿ ಇಬ್ಬರೂ ಸಂಕಲ್ಪ ಮಾಡಿದ್ರು. ನಾ ಎರಡೂ ಊರಿಗಿ ಹೋಗಿ ಇಬ್ಬರ ಸಂಕಲ್ಪಾನೂ ಕೇಳಿಕೊಂಡ ಬಂದ್ನಿ. ಒಂದ ಅಕ್ಷರ ಫರಕ ಇರಲಿಲ್ಲ: ಅವರು ಮೊದಲ ಮಾತಾಡಿದ್ರ ನಾನೂ ಮಾತಾಡತೇನಿ.

೨. ಬೀಗರು ಮೊದಲ

ವಕೀಲರ ಮಗಾ ಕಾಲೇಜಿನ್ಯಾಗ ಪೀಟಿ ಮಾಸ್ತರ. ಅಂವ ಒಂದ ಉಪಾಯ ತಂದ. ಇಬ್ಬರ್ನೂ ಒಂದ ಡೋಣ್ಯಾಗ ಕುಂಡ್ರಿಸಿ ಹೊಳಿ ನಡುವಿನ ಉಸುಕಿನ ದಿಬ್ಬಕ್ಕ ಒಯ್ಯೂದು, ತಂಬೂ ಹೊಡದು ಒಂದ ದಿನ ವಸ್ತಿ ಇರೂದು. ಡೋಣ್ಯಾಗಿಂದ ಎದ್ದು ಹೋಗಾಕ ಬರಂಗಿಲ್ಲ, ಮಾತಾಡಾಕ ಬೇಕು. ಎರಡ ಫೈಬರ್ ಡೋಣಿ ಎಲ್ಲಿಂದೋ ತಂದ. ಕನೂ ಅಂತಾರಂತ ಅದಕ್ಕ. ನಮ್ಮ ಹಳೇ ಡೋಣಿನ, ಹೊಟ್ಟಿ ಕರಗಿಸಿಕೊಂಡದ್ದು.

ಒಂದರಾಗ ತಂಬೂ, ಭಾಂಡಿ, ರೊಟ್ಟಿ ಬುಟ್ಟಿ ಹೇರಕೊಂಡ ಪೀಟಿ ಮಾಸ್ತರ ಮುಂದ ಹೋದ. ತೇಲೂ ಜಾಕೀಟ ಹಾಕೊಂಡಿದ್ದ. ಅದನ್ನ ಮನ್ಯಾಗಿಂದನ ಹಾಕೊಂಡ ಬಂದಿದ್ದ, ಎರಡೂ ದಿನ ಬಿಚ್ಚಲಿಲ್ಲ. ಇನ್ನೊಂದ ಡೋಣಿ ನಮಗ. ಮುಂದೊಬ್ಬ ಬೀಗ, ಹಿಂದೊಬ್ಬ ಬೀಗ, ನಡುವ ನಾನು.

ನಾ ಕಂಡಕ್ಟರ, ರೂಢಿ ಪ್ರಕಾರ ಮೊದಲ ಹತ್ತಿ ನಡುವ ಕುಂತ್ನಿ. ರಬಕವಿ ಘಾಟಿನ ಕಡೀ ಮೆಟ್ಟಲದ ಮ್ಯಾಲ ಇಬ್ಬರೂ ನಿಂತ್ರು. ನಮ್ಮ ಕಡೆ ಬೀಗರ ಜೋಡಿ ಮಾತ ಬಿಡಬಹುದು, ಮರ್ಯಾದಿ ಬಿಡಾಕ ಬರಂಗಿಲ್ಲ. ವಕೀಲರು ಸಾವಕಾರ್ರ ಕಡೆ ನೋಡದ, ಡೋಣಿ ಕಡೆ ಕೈ ಚಾಚಿದ್ರು. ಹತ್ರಿ ಅಂತ ಅರ್ಥ. ಸಾವಕಾರ್ರು ಆಕಾಶ ನೋಡಕೋತ ತಾವೂ ಕೈ ಚಾಚಿದ್ರು. ನೀವ ಹತ್ರಿ ಅಂತ. ಇವರು ಒಂದ ಹೆಜ್ಜಿ ಹಿಂದ ಸರದ್ರು. ಅವರು ಎರಡ ಸರದ್ರು.

"ಕಂಡಕ್ಟರ್ರ, ಅವರಿಗೆ ಹೇಳ್ರಿ, ಹೆಣ್ಣ ಕೊಟ್ಟಾವ್ರು ದೊಡ್ಡವ್ರು" ಅಂದ್ರು ವಕೀಲರು.

ಸಾವಕಾರ್ರು ನನ್ನ ಜೋಡಿ ಸಾಲಿ ಕಲತಾಂವ, ಬಹುವಚನ ನನಗ ಖರ್ಚ ಮಾಡಂಗಿಲ್ಲ. "ಲೇ, ಅವರಿಗೆ ಹೇಳು, ಗಂಡಿನ ಕಡ್ಯಾವ್ರು ಮೊದಲ. ನಮ್ಮ ಮನಿತನಕ್ಕ ಒಂದ ಪದ್ಧತಿ ಐತಿ."

ಹೇಳಾಕ ನಾ ಅಲ್ಲಿ ಇರಬೇಕಲ್ಲ, ಡೋಣಿ ನನ್ನೊಬ್ಬನ್ನ ಹೊತಗೊಂಡ ದಂಡಿ ಬಿಟ್ಟಿತ್ತು. ಡೋಣಿ ಹಗ್ಗಾ ಹಿಡಿಯಾವ್ರ ಇಬ್ಬರ ಕೈನೂ ಮರ್ಯಾದಿ ಮಾಡೂದರಾಗ ಇದ್ದವು. ನಾ ಸೀಟಿ ಊದಿದ್ನಿ, ಡೋಣಿ ನಿಲ್ಲಲಿಲ್ಲ, ಅದು ಎಮ್ಮಿ ಅಲ್ಲ. ಅರ್ಧಾ ಹೊಳಿ ದಾಟಿ ತಿರಗಿ ನೋಡಿದ್ರ ಇಬ್ಬರೂ ಅಲ್ಲೇ ಮೆಟ್ಟಲದ ಮ್ಯಾಲ, ಡೋಣಿ ಇಲ್ಲದ ನೀರಿಗಿ ಒಬ್ಬರಿಗೊಬ್ಬರು ಕೈ ಚಾಚಿಕೊಂಡ ನಿಂತಿದ್ರು.

೩. ನಡುವಿನ ಟಪಾಲ

ಪೀಟಿ ಮಾಸ್ತರ ನನ್ನ ಜಗ್ಗಿಕೊಂಡ ಬಂದ. ಈ ಸಲ ಇಬ್ಬರ್ನೂ ಏಕಕಾಲಕ್ಕ ಎಡಗಡೆ ಬಲಗಡೆಯಿಂದ ಹತ್ತಿಸಿದ. ವಕೀಲರು ಮೂತ್ಯಾಗ, ಸಾವಕಾರ್ರು ಬಾಲದಾಗ. ಹುಟ್ಟ ಹಾಕೂ ಕೆಲಸ ಸುರು ಆತು.

ಡೋಣಿ ಒಂದ, ಹುಟ್ಟ ಎರಡ, ಮಾತಿಲ್ಲ. ಇಂವ ಎಡಕ್ಕ ಹಾಕಿದ್ರ ಅಂವನೂ ಎಡಕ್ಕ. ಡೋಣಿ ಇದ್ದಲ್ಲೇ ಗರಾಗರಾ ತಿರಗಾಕತ್ತು. ಘಾಟಿನ ಮ್ಯಾಲ ಅರಬಿ ಒಗ್ಯಾಕತ್ತಿದ್ದ ಹೆಣ್ಣಮಗಳೊಬ್ಬಾಕಿ, ಅಜ್ಜಾರು ಹೊಳೆವ್ವಗ ಪ್ರದಕ್ಷಿಣಿ ಹಾಕಾಕತ್ತಾರ, ಯಾರಾರ ಕಾಯಿ ಒಡೀರಿ ಅಂದ್ಲು.

ಗಾಳಿ ಇತ್ತು, ಅಲ್ಲಿ ಅಂದದ್ದ ಇಲ್ಲಿ ಕೇಳಂಗಿಲ್ಲ. ಹಿಂಗಾಗಿ ಇಬ್ಬರ ಮಾತೂ ನನ್ನ ಕೈಯಿಂದ ಹಾಯಬೇಕು. ನಾ ಮೂವತ್ತ ವರ್ಷ ಬಸ್ಸಿನ್ಯಾಗ ಮುಂದಿಂದ ಹಿಂದ, ಹಿಂದಿಂದ ಮುಂದ ಚಿಲ್ಲರ ದಾಟಿಸಿದಾಂವ. ನನಗೇನ ಇದು ಹೊಸಾದಲ್ಲ. ಒಣಾ ಮಾತ ದಾಟಸಬಾರದು, ಸ್ವಲ್ಪ ತುಪ್ಪ ಹಚ್ಚಬೇಕು ಅಂತ ನನ್ನ ಮತ. ಇದು ಸುಳ್ಳಲ್ಲ, ಇದು ಅಡಗಿ.

ವಕೀಲರು, ಸಾವಕಾಶ ಹುಟ್ಟ ಹಾಕಂತ ಹೇಳ್ರಿ, ನೀರ ಸಿಡೀತಾವು ಅಂದ್ರು. ನಾ ಹಿಂದ ತಿರಗಿ, ನಿಮ್ಮ ರಟ್ಟ್ಯಾಗಿನ ಬಲಾ ನೋಡಿ ವಕೀಲರಿಗೆ ಭಾಳ ಸಂತೋಷ ಆಗೇತಿ ಅಂದ್ನಿ. ಸಾವಕಾರ್ರು ಹಿಗ್ಗಿ ಎರಡ ಪಟ್ಟ ಜೋರ ಹಾಕಾಕತ್ರು. ವಕೀಲರ ಕೋಟು, ಟೊಪಗಿ, ಒಳಗಿನ ಬನೀನ, ಎಲ್ಲಾ ತೊಯ್ದ ತೊಪ್ಪಡಿ.

ಸಾವಕಾರ್ರು, ಬಲಕ್ಕ ಹಾಕಂತ ಹೇಳಲೇ, ದಂಡಿಗಿ ಬಡೀತೈತಿ ಅಂದ್ರು. ನಾ ಮುಂದ ತಿರಗಿ, ಎಡಕ್ಕ ಹಾಕಬೇಕೋ ಬಲಕ್ಕೋ ನಿಮ್ಮ ನಿರ್ಣಯಾನ ಅಖೇರಿ ಅಂತಾರ ಸಾವಕಾರ್ರು ಅಂದ್ನಿ. ಇಷ್ಟ ಮರ್ಯಾದಿ ಸಿಕ್ಕ ಮ್ಯಾಲ ವಕೀಲರು ಅವಸರ ಮಾಡತಾರೇನು. ಹುಟ್ಟ ತೊಡಿ ಮ್ಯಾಲ ಇಟ್ಟುಕೊಂಡು, ಕಣ್ಣ ಮುಚ್ಚಿ, ಎರಡೂ ಕಡೆ ವಿಚಾರ ಮಾಡಿದ್ರು. ಅವರು ನಿರ್ಣಯ ಕೊಡೂದರಾಗ ಡೋಣಿ ದಂಡ್ಯಾಗಿನ ಜಾಲಿ ಕಂಟಿ ಒಳಗ ಹೊಕ್ಕಿತ್ತು.

ಮಧ್ಯಾಹ್ನಕ್ಕ ಉಸುಕಿನ ದಿಬ್ಬ ಮುಟ್ಟಿದ್ವಿ. ಪೀಟಿ ಮಾಸ್ತರ ಹೊಳಿ ಗುಂಟ ಮುಂದಿನ ತುಬಚಿ ಊರ ಮಟಾ ಹೋಗೂ ವಿಚಾರ ಮಾಡಿದ್ದ. ದಿಬ್ಬದ ಮ್ಯಾಲಿಂದ ನೋಡಿದ್ರ ಘಾಟಿನ ಮ್ಯಾಲ ಅದ ಹೆಣ್ಣಮಗಳು ಅದ ಅರಬಿ ಹಿಂಡಾಕತ್ತಿದ್ಲು. ಊರಾಗ ಮಾತ್ರ ತುಬಚಿ ದಾಟಿ ಹೋಗಿದ್ವಿ ಅಂತ ಹೇಳೇನಿ. ಹೊಳಿ ನೀರ ಹೋಗಿರತೈತಿ, ನಾವ ಹೋದಂಗ ಅಲ್ಲೇನು.

೪. ಮಗ್ಗದ ಜೋಗುಳ

ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು, ಎಲ್ಲಾ ತಿಂದು ತಂಬುವಿನ ನೆರಳಿಗಿ ಅಡ್ಡಾದ್ವಿ. ಹೊಳಿ ಸಪ್ಪಳ ಇಲ್ಲ, ಗಾಳಿ ನಿಂತಿತ್ತು, ಬರೇ ಒಂದ ಬೆಳ್ಳಕ್ಕಿ. ಇಂಥಾ ಶಾಂತಿ ಸಲುವಾಗಿ ಮಂದಿ ಹಿಮಾಲಯಕ್ಕ ಹೋಗತಾರ. ನಮ್ಮ ಸಾವಕಾರ್ರು ಹೊರಳ್ಯಾಡಿದ್ರು, ಎದ್ದ ಕುಂತ್ರು, ಎದಿ ಮುಟ್ಟಿ ನೋಡಿಕೊಂಡ್ರು.

"ಲೇ, ನನಗೇನೋ ಆಗೇತಿ. ಕಿವ್ಯಾಗ ಏನೂ ಕೇಳವಲ್ದು."

ಕೇಳಾಕ ಏನೂ ಇಲ್ಲೋ ಮಾರಾಯ ಅಂದ್ನಿ. ಆ ಮನಷ್ಯಾ ಹುಟ್ಟಿದ್ದ ಮಗ್ಗದ ಖಟಾಖಟಾ ಸಪ್ಪಳದಾಗ, ಮಲಗೂದ ಅದರಾಗ. ರಬಕವ್ಯಾಗ ಕರೆಂಟ್ ಹೋಗಿ ಪವರ್‌ಲೂಮ್ ನಿಂತ್ರ ಓಣಿ ಓಣೀನ ದಡಕ್ಕನ ಎದ್ದ ಕುಂಡ್ರತೈತಿ, ಏನೋ ಅನಾಹುತ ಆತು ಅಂತ. ಕಡೀಕ ಅವರು ಮನಿಗಿ ಫೋನ್ ಹಚ್ಚಿ, ಫೋನ್ ಒಯ್ದ ಮಗ್ಗದ ಮಗ್ಗಲಾಗ ಹಿಡೀವಾ ಅಂತ ಮಗಳಿಗಿ ಹೇಳಿದ್ರು. ಫೋನಿನ್ಯಾಗ ಖಟಾಖಟಾ ಸುರು ಆತು. ಸಾವಕಾರ್ರ ಮಾರಿ ಮ್ಯಾಲ ಕೂಸಿನ ಕಳಿ ಬಂತು, ಕಣ್ಣ ಮುಚ್ಚಿದ್ರು.

ಈಗ ವಕೀಲರು ಎದ್ದ ಕುಂತ್ರು. ಅವರಿಗೆ ಈ ಸಪ್ಪಳದಾಗ ನಿದ್ದಿ ಬರಂಗಿಲ್ಲ. ಎದರಿನ ವಕೀಲ ವಾದಾ ಮಾಡಾಕತ್ರ ಮಾತ್ರ ಬರತೈತಿ.

ಅಷ್ಟರಾಗ ಮಗ್ಗದ ಸಪ್ಪಳದ ನಡುವ ಕೂಸಿನ ಅಳೂ ದನಿ ಬಂತು. ನಿದ್ದಿ ಮಾಡಾಕತ್ತಿದ್ದಾಂವನೂ, ಮಾಡದಾಂವನೂ, ಇಬ್ಬರೂ ಒಮ್ಮೆಲೇ ಫೋನಿನ ಮ್ಯಾಲ ಬಿದ್ರು. ಹಣಿಗಿ ಹಣಿ ಬಡೀತು. ಒಬ್ಬರು ಗೌರವ್ವಾ ಅಂತಾರ, ಒಬ್ಬರು ನೀಲವ್ವಾ ಅಂತಾರ. ಕೂಸು ಇನ್ನಷ್ಟ ಒದರಾಕತ್ತು. ಮಗಳು ಅದನ್ನ ಸುಮ್ಮನ ಮಾಡಿ ಒಂದ ಮಾತ ಕೇಳಿದ್ಲು.

"ಅಪ್ಪಾ, ಮಾಮಾರ ಜೋಡಿ ಮಾತಾಡಿದೇನು?"

ಇಬ್ಬರೂ ಫೋನ್ ಬಿಟ್ಟು ಹೊಳಿ ನೋಡಾಕತ್ರು.

"ಹಂಗಾರ ಇನ್ನೂ ಇದಕ್ಕ ಹೆಸರಿಲ್ಲ" ಅಂದು ಫೋನ್ ಇಟ್ಟಳು. ಆಮ್ಯಾಲ ಬಂದದ್ದ ನೋಡ್ರಿ ಖರೇ ಶಾಂತಿ. ಆ ಬೆಳ್ಳಕ್ಕೀನೂ ಎದ್ದ ಹೋತು.

೫. ಒಂದ ಚಾದರದಾಗ ಮೂವರು

ರಾತ್ರಿ ಏನೂ ಆಗಲಿಲ್ಲ. ಆಗಿದ್ರ ಹೇಳತಿದ್ದೆ, ಆಗದಿದ್ರೂ ಹೇಳತಿದ್ದೆ, ಆದ್ರ ಸಂಕಲ್ಪ ಐತಿ.

ಮುಂಜಾನೆ ಪೀಟಿ ಮಾಸ್ತರ ಚಾಕ್ಕ ಹಾಲ ತರಾಕ ತನ್ನ ಡೋಣಿ ತಗೊಂಡ ಆಚೀ ದಂಡಿಗಿ ಹೋದ. ಥಂಡಿ ಭಾಳ ಇತ್ತು. ದಪ್ಪನ ಚಾದರ ಇದ್ದದ್ದ ಒಂದ. ಮೂವರೂ ಅದರಾಗ ಸುತಗೊಂಡು, ಇಬ್ಬರು ಬೀಗರು ಅಕ್ಕಪಕ್ಕ, ನಡುವ ನಾ, ಬಿಸಲಿಗಿ ಅಂತ ತಂಬುವಿನಿಂದ ಹೊರಗ ಬಂದ್ವಿ. ನಮ್ಮ ಡೋಣಿಗೂ ನಮಗೂ ನಡುವ, ಉಸುಕಿನ ಮ್ಯಾಲ, ಮೊಸಳಿ.

ಹನ್ನೆರಡ ಫೂಟ್ ಇತ್ತು. ಪೀಟಿ ಮಾಸ್ತರ ನಾಕ ಫೂಟ್ ಅಂತಾನ, ಅಂವ ಅಲ್ಲಿ ಇರಲೇ ಇಲ್ಲ. ಬಾಯಿ ತಗದು ಬಿಸಲಿಗಿ ಮೈ ಕಾಯಿಸಾಕತ್ತಿತ್ತು. ಅದರ ಹಲ್ಲಿನ್ಯಾಗ ನಾ ಒಂದ ಬಸ್ ಟಿಕೀಟ್ ನೋಡಿದ್ನಿ, ಅದು ಇರಲಿ.

ಡೋಣಿ ಕಡೆ ಹೋಗಬೇಕು, ಯಾರ ಹೋಗಬೇಕು? ವಕೀಲರು ನನಗ ಹೇಳಿದ್ರು, ಬೀಗರು ಮೊದಲ ಹೋಗಲಿ, ಅವರು ದೊಡ್ಡವ್ರು. ಸಾವಕಾರ್ರು ನನಗ ಹೇಳಿದ್ರು, ಗಂಡಿನ ಕಡ್ಯಾವ್ರು ಮೊದಲ, ಪದ್ಧತಿ ಅಂದ್ರ ಪದ್ಧತಿ. ನಿನ್ನಿ ಘಾಟಿನ ಮ್ಯಾಲ ಇದ್ದ ಮರ್ಯಾದಿ ಇವತ್ತ ಇಮ್ಮಡಿ ಆಗಿತ್ತು.

ಸ್ವಲ್ಪ ಖಾರಾ ಹಾಕಿದ್ರ ಯಾರಾರ ಒಬ್ಬರು ಮುಂದ ಹೋದಾರು ಅಂತ ನನ್ನ ವಿಚಾರ. ಸಾವಕಾರ್ರ ಕಡೆ ತಿರಗಿ ಅಂದ್ನಿ, "ವಕೀಲರು ಏನಂತಾರಂದ್ರ, ಹಂದರದಾಗ ತಪ್ಪಿದ ಎಳಿ ಹುಡಕೂವಾಗ ಇದ್ದ ಧೈರ್ಯ ಈಗ ಎಲ್ಲಿ ಹೋತು ಅಂತ."

ಅಲ್ಲಿ ನಾ ಒಂದ ಮರತಿದ್ನಿ. ಡೋಣ್ಯಾಗ ಒಬ್ಬರು ಮೂತ್ಯಾಗ ಇದ್ರು, ಒಬ್ಬರು ಬಾಲದಾಗ ಇದ್ರು, ನಡುವ ಗಾಳಿ ಇತ್ತು. ಇಲ್ಲಿ ಮೂವರೂ ಒಂದ ಚಾದರದಾಗ ಇದ್ವಿ.

ವಕೀಲರ ಬಾಯಿ ಮೊಸಳಿಗಿಂತ ದೊಡ್ಡದ ತೆರೀತು. ಸಾವಕಾರ್ರು ನನ್ನ ತಲಿ ಮ್ಯಾಲಿಂದ ಹಣಿಕಿ ಹಾಕಿ ಕೇಳಿದ್ರು, "ನೀವ ಹಂಗ ಅಂದಿಲ್ರೇನ, ಬೀಗರ?"

"ಇಲ್ರಿ ಬೀಗರ. ದೇವರಾಣಿ, ಅಂದಿಲ್ಲ."

ಆತು. ವರ್ಷಗಟ್ಟಲೆ ಕಟ್ಟಿದ ಬಾಯಿ ಹರೀತು. ಅವರಿಗೆ ತಾವು ಮಾತಾಡಿದ್ದ ಖಬರನೂ ಇರಲಿಲ್ಲ, ಯಾಕಂದ್ರ ಇಬ್ಬರೂ ನನ್ನ ಕಡೆ ನೋಡಾಕತ್ತಿದ್ರು. ವಕೀಲರು ಅಲ್ಲೇ ಉಸುಕಿನ ಮ್ಯಾಲ ಕೋರ್ಟಿನ್ಯಾಗಿನ ಪಾಟೀಸವಾಲ ಸುರು ಹಚ್ಚಿದ್ರು.

"ಬೀಗರ, ನಿನ್ನಿ ಡೋಣ್ಯಾಗ ನಾ ನಿಮಗ ಸಾವಕಾಶ ಅಂತ ಹೇಳಿ ಕಳಿಸಿದ್ನಿ."

"ಇಂವ ನನಗ ನೀವ ಹೊಗಳಿದ್ರಿ ಅಂದ."

"ಆ ಸೀರಿ ಅಂಗಡಿ ನನಗ ತೋರಿಸಿದಾಂವ ಯಾರು? ಇಂವನ. ಕಾಶಿಯಿಂದ ಬಂದ ಮಾಲು ಅಂತ ಹೇಳಿದ."

"ರಬಕವ್ಯಾಗ ನನ್ನವು ಎಂಟ ಮಗ್ಗ ಅದಾವು. ನಿಮಗ ಎಷ್ಟ ಅಂದಾನಿಂವ?"

"ನಲವತ್ತ ಅಂದಾನ್ರಿ. ಮತ್ತ ನಮ್ಮ ಮಗನ ಸುದ್ದಿ ನಿಮಗ ಏನ ಹೇಳ್ಯಾನ?"

"ಒಂದ ಉಸರಿನ್ಯಾಗ ಹೊಳಿ ಈಸಿ ದಾಟತಾನ ಅಂದಾನ."

ವಕೀಲರು ದನಿ ಸಣ್ಣದ ಮಾಡಿದ್ರು. "ಅಂವಗ ಈಸಾಕ ಬರಂಗಿಲ್ರಿ, ಬೀಗರ. ಅದಕ್ಕ ಆ ಜಾಕೀಟ."

ನಾ ಚಾದರದಾಗಿಂದ ಸಾವಕಾಶ ಕೆಳಗ ಜಾರಾಕತ್ತಿದ್ನಿ. ಇಂವನ್ನ ಎತ್ತಿ ಮೊಸಳಿ ಮುಂದ ಒಗೀಬೇಕು ಅನ್ನೂದರಾಗ ಇಬ್ಬರದೂ ಒಂದ ಮತ ಆತು. ಅದ ಅವರ ಮೊದಲನೇ ಒಮ್ಮತ.

"ನೀವ ಮೊದಲ ಹಿಡೀರಿ, ಬೀಗರ."

"ಛೇ, ನೀವ ಹಿಡೀರಿ. ನೀವ ಇರೂವಾಗ ನಾ ಮೊದಲ ಹೆಂಗ ಹಿಡೀಲಿ?"

"ಅದೆಲ್ಲಾ ಬರಂಗಿಲ್ಲ, ನೀವ ಮೊದಲ."

ಆ ಮರ್ಯಾದಿ ಮುಗದೀತು ಅಂತ ಮೊಸಳಿ ಕಾಯಿತು. ಆಮ್ಯಾಲ ಬ್ಯಾಸರಾಗಿ ಎದ್ದು ಹೊಳ್ಯಾಗ ಹೋತು.

೬. ಕುರ್ರ್

ಮುಂದಿನ ವಾರಾನ ರಬಕವ್ಯಾಗ ತೊಟ್ಟಲ. ನಮ್ಮ ಕಡೆ ಕೂಸಿನ ಸ್ವಾದರತ್ತಿ, ಅಂದ್ರ ಅಪ್ಪನ ಅಕ್ಕೋ ತಂಗೀನೋ, ಕೂಸಿನ ಕಿವ್ಯಾಗ ಕುರ್ರ್ ಅಂತ ಊದಿ ಹೆಸರ ಹೇಳತಾಳ. ಹೇಳಿದ ಕೂಡಲೆ ಸುತ್ತ ನಿಂತ ಹೆಣ್ಣಮಕ್ಕಳು ಆಕಿ ಬೆನ್ನಿಗಿ ಗುದ್ದತಾರ. ಶಾಸ್ತ್ರದ ಗುದ್ದು. ಪೀಟಿ ಮಾಸ್ತರಗ ಅಕ್ಕ ತಂಗಿ ಇಲ್ಲ. ಹಂಗಾರ ಹೆಸರ ಹೇಳಾವ್ರ ಯಾರು ಅಂತ ಮಾತ ಬಂತು.

ಇಬ್ಬರೂ ಬೀಗರು ಏಕದನಿಲೆ, ನಮ್ಮ ಕಂಡಕ್ಟರ ಹೇಳಲಿ ಅಂದ್ರು. ಇಬ್ಬರ ಬಾಯಿ ಕೂಡಿಸಿದಾಂವ ಅಂವ, ಈ ಮಾನ ಅಂವಂದ ಅಂದ್ರು. ನನಗ ಕಣ್ಣಾಗ ನೀರ ಬಂತು. ಪಟಕಾ ಕೊಡವಿ ಸುತ್ತಿಕೊಂಡು ಮುಂದ ಹೋದ್ನಿ.

ಗೌರವ್ವ ಅನ್ಲೋ ನೀಲವ್ವ ಅನ್ಲೋ ಅಂತ ಆ ತಾಯಿನ್ನ ಕೇಳಿದ್ರ, ಆಕಿ ನನ್ನ ಕಿವ್ಯಾಗ "ಸಿರಿ" ಅಂದ್ಲು.

"ಇದನ್ನ ಯಾವಾಗ ಆರಿಸಿದೆವಾ?"

"ದವಾಖಾನ್ಯಾಗ ಇದ್ದಾಗನ, ಕಾಕಾ. ಹೆಸರಿಗಿ ಏನ ಬರಾ ಇತ್ತು? ಇವರ ಬಾಯಿ ಬಿಡಸಬೇಕಾಗಿತ್ತು. ಇಲ್ಲಂದ್ರ ಇದು ದೊಡ್ಡದಾಗಿ ಇಬ್ಬರ ನಡುವ ನಿಮ್ಮಂಗ ಟಪಾಲ ಹೊರತಿತ್ತು."

ನಾ ಬಗ್ಗಿ ತೊಟ್ಟಲದಾಗ ತಲಿ ಹಾಕಿದ್ನಿ. ಕೂಸು ನನ್ನ ಮೀಸಿ ಹಿಡೀತು. ಕುರ್ರ್ ಅಂತ ಊದಿ, ಸಿರಿ ಅಂದ್ನಿ. ಎರಡ ಅಕ್ಷರಕ್ಕ ಮುಗದ ಹೋತು. ಇಷ್ಟ ದೂರ ಬಂದು ಎರಡ ಅಕ್ಷರ ಹೇಳಿ ಏಳಾಕ ನನಗ ಮನಸಾಗಲಿಲ್ಲ. ಈ ಕಿವಿ ಇನ್ನೂ ಯಾರ ಕೈಗೂ ಸಿಕ್ಕಿಲ್ಲ, ಹೊಸಾದು. ಮೀಸಿ ಬಿಡಿಸಿಕೊಳ್ಳದ ಸಣ್ಣ ದನಿಲೆ ಸುರು ಮಾಡಿದ್ನಿ. ನಿಮ್ಮ ಅಜ್ಜಂದಿರಿಬ್ಬರ್ನೂ ಉಳಿಸಿದಾಂವ ನಾನವಾ. ಹೊಳ್ಯಾಗ ಮೊಸಳಿ ಬಂದಿತ್ತು. ಇಪ್ಪತ್ತ ಫೂಟ್ ಇತ್ತು. ನಾ ಒಂದ ಸೀಟಿ ಹೊಡದ್ನಿ ನೋಡು, ಅದು ಅಲ್ಲೇ...

ಹಿಂದ ಯಾರೋ, ಎರಡ ಅಕ್ಷರಕ್ಕ ಎಷ್ಟ ಹೊತ್ತ ಅಂದ್ರು. ಹೆಣ್ಣಮಕ್ಕಳು ದಾರಿ ಬಿಟ್ಟ ಸಪ್ಪಳ ಆತು. ಯಾರಿಗಿ ದಾರಿ ಬಿಟ್ರು ಅಂತ ತಿರಗಿ ನೋಡೂದರಾಗ ಬೆನ್ನ ಮ್ಯಾಲ ಎರಡ ಗುದ್ದು, ಎಡಕ್ಕ ವಕೀಲರದೊಂದು, ಬಲಕ್ಕ ಸಾವಕಾರ್ರದೊಂದು, ಒಂದ ತಾಳಕ್ಕ ಬಿದ್ದವು. ಡೋಣ್ಯಾಗ ಹಿಂಗ ಹುಟ್ಟ ಹಾಕಿದ್ರ ಖರೇನ ತುಬಚಿ ಮುಟ್ಟತಿದ್ವಿ.

ನನ್ನ ಬೆನ್ನ ಇನ್ನೂ ನೋಯಾಕತ್ತೇತಿ, ಅದರ ದುಃಖ ಇಲ್ಲ. ಇಷ್ಟ ವರ್ಷದ ಬೀಗತನದಾಗ ಅವತ್ತ ಒಂದ ದಿನ ಅವರಿಬ್ಬರೂ "ನೀವ ಮೊದಲ" ಅನ್ನಲಿಲ್ಲ ನೋಡ್ರಿ.